ಮಾಸ್ಕೋದ ಇತಿಹಾಸಕಾರ ಮತ್ತು ಶಹಾಬಾದಿನ ಹಂಡೆ

ವಾಡಿ ದಾಟಿ ಚಿತ್ತಾಪುರದ ಕಡೆ ಹೊರಟ ಬಸ್ಸು ಕಲ್ಲು ಪಾಲಿಶ್ ಮಾಡುವ ಶೆಡ್ಡೊಂದರ ಎದುರು ನಿಂತಿತು. ರಸ್ತೆಗೆ ಅಡ್ಡವಾಗಿ ಟ್ರ್ಯಾಕ್ಟರ್ ನಿಲ್ಲಿಸಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರುತ್ತಿದ್ದರು. ಕಿಟಕಿಯಿಂದ ನೀರು ಬಿದ್ದ ಕಲ್ಲಿನ ಹಿಟ್ಟಿನ ವಾಸನೆ ಬಂತು. ಮಳೆ ಬಿದ್ದ ಮಣ್ಣಿನ ವಾಸನೆಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ, ಇದಕ್ಕೆ ಆ ಭಾಗ್ಯ ಬಂದಿಲ್ಲ. ಹಸಿ ಸುಣ್ಣದ್ದೂ ಅಲ್ಲ, ಕಬ್ಬಿಣದ್ದೂ ಅಲ್ಲ. ಮೂಗಿಗಿಂತ ಹಲ್ಲಿಗೆ ಹೆಚ್ಚು ಗೊತ್ತಾಗುವ ವಾಸನೆ ಅದು.

ಇಂಥ ವಾಸನೆ ಬಂದ ಕೂಡಲೇ ಹಳೆಯದೆಲ್ಲ ಕಣ್ಣ ಮುಂದೆ ನಿಂತಿತು ಎಂದು ಬರೆಯುವುದು ರೂಢಿ. ನನಗೆ ಹಾಗೇನೂ ಆಗಲಿಲ್ಲ. ಬೆಳಿಗ್ಗೆ ಮನೆ ಬಿಡುವಾಗಲೇ ನಾನು ಹಳೆಯದನ್ನು ಯೋಚಿಸುತ್ತಿದ್ದೆ, ಬಸ್ಸು ಹತ್ತಿದ್ದೇ ಅದಕ್ಕಾಗಿ. ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಸಾಬಣ್ಣ ಎಂಬ ಮುದುಕನಿದ್ದಾನೆ. ಮೂವತ್ತು ವರ್ಷಕ್ಕೂ ಹಿಂದೆ ಅವನು ಒಂದು ಹಂಡೆಯೊಳಗೆ ಒಂದು ಕಲ್ಲು ಹಾಕಿದ. ಅದು ಹಳದಿಯೋ ಕರಿಯೋ ಎಂದು ಕೇಳಬೇಕಾಗಿತ್ತು. ಇಷ್ಟೇ ಪ್ರಶ್ನೆ. ಆದರೆ ಅದರ ಬೆನ್ನಿಗೆ ಮಾಸ್ಕೋ ಇದೆ. ನಗಬೇಡಿ, ಸ್ವಲ್ಪ ಕೂತು ಕೇಳಿ. ಟ್ರ್ಯಾಕ್ಟರ್ ಹೇಗೂ ಬೇಗ ಸರಿಯುವ ಹಾಗಿಲ್ಲ.

ಆಗ ನಾನು ಸೇಡಂನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ, ದೇವಿಂದ್ರ ಸರ್ ಇತಿಹಾಸ ಕಲಿಸುತ್ತಿದ್ದರು. ಅವರು ಶಹಾಬಾದಿನಿಂದ ವಾಡಿಗೆ ಬಂದು ಗಾಡಿ ಬದಲಿಸುವವರು, ನಾನು ವಾಡಿಯಲ್ಲೇ ಹತ್ತುವವಳು. ಪ್ಯಾಸೆಂಜರ್ ಗಾಡಿ ತನಗೆ ತಿಳಿದಾಗ ಬರುತ್ತಿತ್ತು. ಕಾಯುವ ಹೊತ್ತಿನಲ್ಲಿ ದೇವಿಂದ್ರ ಸರ್ ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಇಲ್ಲ, ಇದು ನನ್ನ ನೆನಪು ತನಗೆ ಬೇಕಾದಂತೆ ಬಳಿದುಕೊಂಡ ಸುಣ್ಣ. ಮೊನ್ನೆ ಫೋನಿನಲ್ಲಿ ಸರ್ ಅಂದರು: “ನೀವು ಮಾತಾಡ್ತಿದ್ರಿ ಮೇಡಂ, ನಾ ಕೇಳ್ತಿದ್ದೆ. ಒಂದು ದಿನಾನೂ ನನಗ ಪೇಪರ್ ಪೂರಾ ಓದಗೊಡಲಿಲ್ಲ.” ಇಬ್ಬರಲ್ಲಿ ಒಬ್ಬರದು ಸುಳ್ಳು. ಇಬ್ಬರದೂ ಇರಬಹುದು.

ಸರ್ ಕಲ್ಲಿನ ಖಣಿಯವರ ಮಗ. ತಂದೆ ಶಹಾಬಾದಿನ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದವರು, ತಾಯಿ ತಲೆಮೇಲೆ ಹೊತ್ತವರು. ಮನೆಯಲ್ಲಿ ರಶಿಯಾದ ಮೇಲೆ ಪ್ರೀತಿ. ಖಣಿ ಕೆಲಸಗಾರರ ಸಂಘದ ಶೆಡ್ಡಿನಲ್ಲಿ ಕೆಂಪು ಬಾವುಟದ ಕೆಳಗೆ ಕೂತು ಅಕ್ಷರ ಕಲಿತವರು ಸರ್. ಆ ಕಾಲದಲ್ಲಿ ಮಾಸ್ಕೋದಿಂದ ಕನ್ನಡದಲ್ಲೇ ಬಾನುಲಿ ಬರುತ್ತಿತ್ತು, ನುಣುಪು ಕಾಗದದ ಬಣ್ಣದ ಪತ್ರಿಕೆ ಬರುತ್ತಿತ್ತು. ಅದರಲ್ಲಿ ಗೋಧಿ ಯಾವಾಗಲೂ ಎದೆಮಟ್ಟ ಬೆಳೆದಿರುತ್ತಿತ್ತು, ಟ್ರ್ಯಾಕ್ಟರ್ ಮೇಲಿನ ಹೆಣ್ಣುಮಗಳು ಯಾವಾಗಲೂ ನಗುತ್ತಿರುತ್ತಿದ್ದಳು. ನಾನು ಚೇಷ್ಟೆ ಮಾಡಿದರೆ ಸರ್ ಸಿಟ್ಟಾಗುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ದಿನ ಅವರು ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು. ಕೈಯಲ್ಲಿ ಹಿಂದಿನ ದಿನದ ಇಂಗ್ಲಿಷ್ ಪತ್ರಿಕೆ.

“ಏನಾತ್ರಿ ಸರ್?”

“ರಶಿಯಾದಾಗ ಶಾಲಿ ಹುಡುಗರ ಇತಿಹಾಸದ ಪರೀಕ್ಷಾ ರದ್ದು ಮಾಡ್ಯಾರ್ರಿ.”

“ಪೇಪರ್ ಬಯಲಾಗಿತ್ತೇನು?”

“ಪುಸ್ತಕಾನೇ ಸುಳ್ಳು ಅಂತ. ಓದಿದ್ದೇ ಸುಳ್ಳಾದಮ್ಯಾಲ ಉತ್ತರ ಬರದು ಏನು ಮಾಡ್ಯಾರು?”

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅದೇ ಸುಳ್ಳನ್ನು ಅವರೂ ಪ್ರೀತಿಯಿಂದ ಓದಿದ್ದರಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಗಾಡಿಯೊಳಗೆ ಮಾಸ್ಕೋದ ಒಬ್ಬ ಇತಿಹಾಸಕಾರ ನಮ್ಮ ಜೊತೆ ಓಡಾಡತೊಡಗಿದ. ಹೆಸರು ಇಲ್ಲಿ ಬೇಡ. ಸರ್ ಅದನ್ನು ಹೇಳುತ್ತಿದ್ದ ರೀತಿಗೂ ಅವರ ದೇಶದವರು ಹೇಳುವ ರೀತಿಗೂ ಸಂಬಂಧವಿದ್ದಿರಲಾರದು. ಪಕ್ಷದೊಳಗೇ ಬೆಳೆದವನಂತೆ. ಪಠ್ಯಪುಸ್ತಕದಿಂದ ಯಾರ ಹೆಸರು ಕತ್ತರಿಸಿ ಹಾಕಿದ್ದರೋ ಅವರ ಬಗ್ಗೆ ಬಹಿರಂಗವಾಗಿ ಉಪನ್ಯಾಸ ಕೊಟ್ಟನಂತೆ. ಕೇಳಲು ಬಂದವರಿಗೆ ಕೂರಲು ಜಾಗ ಸಾಲದಾಯಿತಂತೆ. ಬೀಗ ಹಾಕಿಟ್ಟ ಹಳೆಯ ಸರ್ಕಾರಿ ಕಾಗದಪತ್ರಗಳ ದಫ್ತರ ತೆಗೆಯಿರಿ ಎಂದನಂತೆ. ಅಷ್ಟಕ್ಕೇ ನಿಲ್ಲದೆ ಚುನಾವಣೆಗೆ ನಿಂತು ಗೆದ್ದು, ದೇಶದ ಹೊಸ ಜನಪ್ರತಿನಿಧಿ ಸಭೆಯಲ್ಲಿ ಸುಧಾರಣೆ ಕೇಳುವವರ ಸಾಲಿನಲ್ಲಿ ಕೂತನಂತೆ. ಇಷ್ಟು ‘ಅಂತೆ’ ಯಾಕೆಂದರೆ ನಮಗೆ ತಲುಪುತ್ತಿದ್ದದ್ದು ಪತ್ರಿಕೆಯ ಮೂಲೆಯ ನಾಲ್ಕು ಸಾಲು, ಉಳಿದದ್ದನ್ನು ಸರ್ ತುಂಬುತ್ತಿದ್ದರು. ಈಗ ಅವನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಎಷ್ಟು ಮಾಸ್ಕೋದ್ದು, ಎಷ್ಟು ಶಹಾಬಾದಿನದು ಎಂದು ಬೇರ್ಪಡಿಸಲು ಬರುವುದಿಲ್ಲ.

“ಇತಿಹಾಸ ಹೇಳಾಂವಗ ಚುನಾವಣಿ ಯಾಕ ಬೇಕಿತ್ತು?” ಎಂದು ನಾನು ಕೇಳಿದ್ದು ನೆನಪಿದೆ.

“ಹಿಂದ ಏನಾತು ಅಂತ ಬಾಯಿಬಿಟ್ಟು ಹೇಳಾಕ ಬರಲಾರದ ಕಡೆ, ನಾಳಿ ಏನಾಗಬೇಕಂತ ಯಾರು ಹೇಳ್ತಾರ್ರಿ ಮೇಡಂ?” ಎಂದರು. ಅವರಿಗೆ ಸಾಬಣ್ಣನ ನೆನಪು ಬಂದದ್ದು ಆಗಲೇ ಎಂದು ನಾನು ಅಂದುಕೊಂಡಿದ್ದೇನೆ.

ಸಾಬಣ್ಣ ಕಾಗಿಣಾ ನದಿ ದಂಡೆಯ ಕಬ್ಬಲಿಗರ ಪೈಕಿ. ಮೀನು ಹಿಡಿಯುವುದು ಬಿಟ್ಟು ಖಣಿಗೆ ಬಂದವನು. ಮಾತುಗಾರ, ಸಂಘ ಕಟ್ಟುವಾಗ ಮುಂದಿದ್ದವನು. ಹಿಂದೊಮ್ಮೆ ದೊಡ್ಡ ಮುಷ್ಕರವಾಗಿ ಮುರಿದುಬಿತ್ತು. ಅದು ಮುರಿಯುವ ಮುಂಚಿನ ದಿನ ಸಾಬಣ್ಣ ಒಬ್ಬನೇ ಖಣಿ ಮಾಲಕನ ಬಂಗಲೆಗೆ ಹೋಗಿದ್ದ. ನಮ್ಮನ್ನು ಮಾರಿಬಂದ ಎಂದ ಸಂಘದ ಕಾರ್ಯದರ್ಶಿ ಗುಂಡಣ್ಣ. ಗುಂಡಣ್ಣನೇ ಮಾತಾಡಿ ಬಾ ಎಂದು ಕಳಿಸಿದ್ದು ಎಂದ ಸಾಬಣ್ಣ. ಸಭೆ ಕೂತಿತು, ಗುಂಡಣ್ಣ ಎದುರು ನಿಂತು ನೋಡುತ್ತಿದ್ದಾಗ ಎಲ್ಲರ ಕೈ ಮೇಲೆದ್ದವು, ಸಾಬಣ್ಣ ಹೊರಗಾದ. ಆ ಸಂಘದಲ್ಲಿ ಹೊರಗಾದವನಿಗೆ ಒಂದೇ ಶಿಕ್ಷೆ: ಚಹಾ ಬಂದ್. ಅವನ ಜೊತೆ ಯಾರೂ ಚಹಾ ಕುಡಿಯುವಂತಿಲ್ಲ. ಕೇಳಲು ಹಗುರ ಅನಿಸುತ್ತದೆ. ಖಣಿಯಲ್ಲಿ ಮಾತು ನಡೆಯುವುದೇ ಚಹಾದ ಹೊತ್ತಿಗೆ. ಒಂದು ವರ್ಷ ತಡೆದುಕೊಂಡು, ಆಮೇಲೆ ಸಾಬಣ್ಣ ಹೆಂಡತಿಯ ಊರು ಕೊಡ್ಲಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತ.

ಆದರೆ ಸಂಘದ ವರ್ಷದ ಸಭೆಗೆ ತಪ್ಪದೆ ಬರುತ್ತಿದ್ದ. ಒಳಗೆ ಬರುವಂತಿಲ್ಲ, ಶೆಡ್ಡಿನ ಹೊರಗೆ ಒಡೆದ ಫರಸಿಗಳ ಗುಡ್ಡೆಯ ಮೇಲೆ ಒಗೆದ ಧೋತರ ಉಟ್ಟು ಕೂರುತ್ತಿದ್ದ. ಯಾಕೆ ಬರುತ್ತೀ ಎಂದು ದೇವಿಂದ್ರ ಸರ್ ಕೇಳಿದರಂತೆ. “ಬರಲಿಲ್ಲಂದ್ರ ತಪ್ಪು ಒಪ್ಕೊಂಡಂಗ ಆಗ್ತದಪ್ಪ” ಎಂದನಂತೆ.

ಗುಂಡಣ್ಣ ಕೆಟ್ಟವನಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಇಲ್ಲದಿದ್ದರೆ ನೀವು ಅವನಿಗೆ ಮೀಸೆ ಅಂಟಿಸಿಬಿಡುತ್ತೀರಿ. ಮೀಸೆಯೇ ಇರಲಿಲ್ಲ ಅವನಿಗೆ. ಸಣ್ಣ ಆಳು, ಕೀಚಲು ದನಿ, ಯಾರಿಗೆ ಜ್ವರ ಬಂದರೂ ಸೈಕಲ್ ಮೇಲೆ ದವಾಖಾನೆಗೆ ಒಯ್ಯುವವನು. ದೇವಿಂದ್ರ ಸರ್ ತಂದೆ ತೀರಿಕೊಂಡ ಮೇಲೆ ಈ ಹುಡುಗನನ್ನು ಓದಿಗೆ ಹಚ್ಚಿದವನೂ ಅವನೇ. ಸರ್ ಅವನನ್ನು ಕಾಕಾ ಎನ್ನುತ್ತಿದ್ದರು.

ಅಂಥ ಕಾಕಾನ ಎದುರಿಗೆ ಸರ್ ಹೋಗಿ, ಮುಷ್ಕರದ ಖರೇ ಇತಿಹಾಸ ಬರೆಯುತ್ತೇನೆ ಎಂದರು.

“ಬರಿ. ನಾ ಹೇಳ್ತೀನಿ, ನೀ ಬರ್ಕೊ” ಎಂದ ಗುಂಡಣ್ಣ.

“ಎಲ್ಲರನ್ನೂ ಕೇಳ್ತೀನಿ ಕಾಕಾ.”

“ಕೇಳು. ಎಲ್ಲಾರೂ ನಾ ಹೇಳಿದ್ದೇ ಹೇಳ್ತಾರ.”

ಹಾಗಾಗಲಿಲ್ಲ. ಸರ್ ಭಾನುವಾರಗಳಲ್ಲಿ ಶಹಾಬಾದಿನ ಓಣಿ ಓಣಿ ತಿರುಗಿದರು, ಕೆಲವು ಸಲ ನನ್ನನ್ನೂ ಎಳೆದುಕೊಂಡು ಹೋದರು. ಸಾಬಣ್ಣ ಮಾಲಕನ ಕಾರಿನಲ್ಲಿ ಹೋದ ಎಂದು ಒಬ್ಬ, ನಡೆದುಹೋದ ಎಂದು ಮತ್ತೊಬ್ಬ, ಆ ದಿನ ಅವನು ಊರಲ್ಲೇ ಇರಲಿಲ್ಲ ಎಂದು ಮೂರನೆಯವಳು. ಎಲ್ಲರೂ ಕಣ್ಣಾರೆ ಕಂಡವರೇ. ಸರ್ ಕಂಗೆಟ್ಟರು. “ಅಲ್ಲಿ ದಫ್ತರ ಅದಾವ್ರಿ, ಬೀಗ ತೆಗದ್ರ ಸಿಗ್ತದ. ನಮಗ ಬೀಗಾನೂ ಇಲ್ಲ, ದಫ್ತರಾನೂ ಇಲ್ಲ. ಬರೀ ಮಂದಿ ಇದ್ದಾರ” ಎಂದು ಗಾಡಿಯಲ್ಲಿ ಅಲವತ್ತುಕೊಂಡರು. ನಾನು ಕನ್ನಡದವಳು, ಒಂದಕ್ಕೆ ಮೂರು ಪಾಠಾಂತರ ಇದ್ದರೆ ಹಬ್ಬವೆಂದು ತಿಳಿದವಳು. ಮೂರನ್ನೂ ಅಚ್ಚು ಹಾಕಿಸಿ ಎಂದೆ. ಅವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ.

ಕೆಲವು ದಿನ ಬಿಟ್ಟು ಅವರೇ ಒಂದು ತೀರ್ಮಾನಕ್ಕೆ ಬಂದರು. ಸಾಬಣ್ಣ ಮಾರಿದನೋ ಇಲ್ಲವೋ ತಿಳಿಯುವ ಹಾಗಿಲ್ಲ. ಆದರೆ ಒಂದು ಮಾತ್ರ ತಿಳಿದಿದೆ: ಆ ದಿನ ಕೈ ಎತ್ತಿದವರು ಗುಂಡಣ್ಣನ ಕಣ್ಣಿನ ಕೆಳಗೆ ಎತ್ತಿದರು. ಆಗಿಹೋದದ್ದನ್ನು ತಿದ್ದಲು ಬರುವುದಿಲ್ಲ, ಮತವನ್ನು ಇನ್ನೊಮ್ಮೆ ಹಾಕಿಸಲು ಬರುತ್ತದೆ. ಈ ಸಲ ಗುಟ್ಟಾಗಿ. ಸಾಬಣ್ಣನನ್ನು ಮರಳಿ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಒಂದು ಮತ, ಗುಂಡಣ್ಣ ಕಾರ್ಯದರ್ಶಿಯಾಗಿ ಮುಂದುವರಿಯಬೇಕೋ ಬೇಡವೋ ಎಂದು ಇನ್ನೊಂದು.

“ಮಾಸ್ಕೋದ ಗಾಳಿ ಬಡದದ ಇವಗ” ಎಂದ ಗುಂಡಣ್ಣ ಎಲ್ಲರೆದುರು. “ಕೈ ಎತ್ತಾಕ ಏನು ಧಾಡಿ? ಕೈಯಾಗ ಹುಣ್ಣು ಆಗ್ಯಾವೇನು?” ಜನ ನಕ್ಕರು. ಆದರೂ ಒಪ್ಪಿದ. ಸೋಲುತ್ತೇನೆಂಬ ಅಳುಕು ಅವನಿಗೆ ಇರಲಿಲ್ಲ.

ಸಭೆಯ ಮುಂಜಾನೆ ನಾನೂ ಹೋಗಿದ್ದೆ. ಚೀಟಿ ಬೇಡವೆಂದು ಮೊದಲೇ ಆಗಿತ್ತು, ಬರೆಯಲು ಬಾರದವರು ಬೇರೆಯವರಿಂದ ಬರೆಸಿದರೆ ಗುಟ್ಟೇನು ಉಳಿಯಿತು? ಅದಕ್ಕೆ ಕಲ್ಲಿನ ಚೂರು. ಹಳದಿ ಫರಸಿಯ ಚೂರು ಎಂದರೆ ಹೌದು, ಕರಿ ಫರಸಿಯದು ಎಂದರೆ ಬೇಡ. ಎರಡೂ ಚೂರು ಪ್ರತಿಯೊಬ್ಬರ ಕೈಗೆ. ಶೆಡ್ಡಿನ ಮೂಲೆಗೆ ಜಮಖಾನೆಯ ಪರದೆ, ಪರದೆಯ ಹಿಂದೆ ಮದುವೆ ಸಾಮಾನಿನವರಿಂದ ತಂದ ತಾಮ್ರದ ಹಂಡೆ. ಬೇಕಾದದ್ದನ್ನು ಹಂಡೆಗೆ ಹಾಕಿ, ಉಳಿದದ್ದನ್ನು ಕಿಸೆಯಲ್ಲಿಟ್ಟುಕೊಂಡು ಬರಬೇಕು. ಎಷ್ಟು ಚೊಕ್ಕ ಏರ್ಪಾಡು ಎಂದು ನಾನು ಸರ್‌ಗೆ ಹೇಳಿದೆ. ಅವರೂ ಬೀಗಿದರು.

ಸಾಬಣ್ಣನನ್ನು ಸೇರಿಸಿಕೊಳ್ಳುವ ಮತ ಮೊದಲು. ಎಲ್ಲರಿಗಿಂತ ಮುಂಚೆ ಹೋದವನು ಗುಂಡಣ್ಣನ ಷಡ್ಡಕ. ಪರದೆಯ ಹಿಂದೆ ಹೋದ. ಠಣ್ ಎಂದಿತು.

“ಹಳದಿ!” ಎಂದಿತು ಶೆಡ್ಡು, ಒಂದೇ ಬಾಯಿಯಲ್ಲಿ.

ನನಗೆ ಅರ್ಥವಾಗಲು ಕ್ಷಣ ಹಿಡಿಯಿತು. ಫರಸಿಯನ್ನು ಬಡಿದು, ನಾದ ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವ ಜನ ಅವರು. ತಾಮ್ರದ ಮೇಲೆ ಬಿದ್ದ ಕಲ್ಲು ಯಾವುದೆಂದು ಅವರ ಕಿವಿಗೆ ಹೇಳಿಕೊಡಬೇಕೇ? ಹಾಗೆಂದು ಹಂಡೆ ತಂದವರೂ ಅವರೇ, ಕಲ್ಲು ಒಡೆದವರೂ ಅವರೇ, ಖಣಿಯಲ್ಲೇ ಹುಟ್ಟಿದ ದೇವಿಂದ್ರ ಸರ್ ಇದ್ದೇ ಇದ್ದರು. ಒಬ್ಬರಿಗಾದರೂ ಹೊಳೆಯಬಾರದೇ? ಸರ್ ತಲೆ ಮೇಲೆ ಕೈ ಹೊತ್ತು ಕೂತರು. ಷಡ್ಡಕ ಪರದೆಯಿಂದ ಹೊರಬಂದು, ಎಲ್ಲರೂ ತನ್ನನ್ನೇ ನೋಡುವುದನ್ನು ಕಂಡು, “ಕೈ ಜಾರಿತ್ರೀ ಅಣ್ಣಾ” ಎಂದ. ಶೆಡ್ಡು ಹಾರಿಹೋಗುವಂತೆ ನಕ್ಕಿತು. ಗುಂಡಣ್ಣನೂ ನಕ್ಕ. ಆದರೆ ಆಮೇಲೆ ಹೋದವರ ಕಲ್ಲುಗಳ ದನಿ ಬೇರೆಯಾಗಿತ್ತು. ಕರಿ. ಕರಿ. ಕರಿ. ಹೊರಬರುವಾಗ ಒಬ್ಬೊಬ್ಬರೂ ಗುಂಡಣ್ಣನ ಮುಖ ನೋಡಿ ಬರುತ್ತಿದ್ದರು. ನಗು ಸತ್ತುಹೋಯಿತು.

ಸರ್ ಎದ್ದರು. “ಹಂಡ್ಯಾಗ ಒಂದು ಗೋಣಿತಟ್ಟು ಹಾಸೋಣು ಕಾಕಾ.”

“ಆಟದ ನಡುವ ನೇಮ ಬದಲಿ ಮಾಡಬ್ಯಾಡ. ಇದೇನಾ ನಿನ್ನ ಪ್ರಜಾಪ್ರಭುತ್ವ?” ಎಂದ ಗುಂಡಣ್ಣ. ಮಾತು ನ್ಯಾಯವಾಗಿಯೇ ಇತ್ತು, ಅದೇ ಕಷ್ಟ. ಮಾಸ್ಕೋದವನು ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದ ಎಂದು ಪತ್ರಿಕೆಯ ಯಾವ ಮೂಲೆಯಲ್ಲೂ ಬಂದಿರಲಿಲ್ಲ.

ಆಗ ಶುರುವಾಯಿತು ಉಳಿ ಹೊಡೆಯುವ ಸದ್ದು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಶೆಡ್ಡಿನೊಳಗೆ ಹೊರಗೆ ಇದ್ದಬದ್ದ ಸುತ್ತಿಗೆ, ಉಳಿ, ಗುದ್ದಲಿ ಎಲ್ಲ ಕಲ್ಲಿಗೆ ಬಿದ್ದವು. ಕೆಲಸದ ದಿನ ಖಣಿಯಲ್ಲಿ ಹೇಗೋ ಹಾಗೆ. ಪಕ್ಕದವರ ಮಾತು ಕೇಳುತ್ತಿರಲಿಲ್ಲ, ಹಂಡೆಯದೆಲ್ಲಿ ಕೇಳಬೇಕು? ಆ ಸದ್ದಿನೊಳಗೆ ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಹೊರಬರುವಾಗ ಈಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ಬಡಿದವರು ಯಾರು? ಕಲ್ಲು ಹೊರುವ ಒಬ್ಬ ಹೆಣ್ಣುಮಗಳು ಎಂದು ನನ್ನ ನೆನಪು, ಅವಳ ಹಸಿರು ಬಳೆಯೂ ಕಾಣುತ್ತಿದೆ. ಹೊರಗೆ ಗುಡ್ಡೆಯ ಮೇಲೆ ಕೂತಿದ್ದ ಸಾಬಣ್ಣ, ಹೊತ್ತು ಹೋಗದೆ ಕುಟ್ಟುತ್ತಿದ್ದ ಎನ್ನುತ್ತಾರೆ ಸರ್. ಗುಂಡಣ್ಣನ ಮಗ ಹೇಳುವ ಪ್ರಕಾರ ಸುತ್ತಿಗೆ ಎತ್ತಿಕೊಂಡದ್ದು ಗುಂಡಣ್ಣನೇ. ನೇಮ ಬದಲಿಸುವುದು ಬೇಡ ಎಂದನೇ ಹೊರತು ಸದ್ದು ಮಾಡಬಾರದೆಂದು ಅವನು ಅಂದಿರಲಿಲ್ಲವಲ್ಲ ಎಂಬುದು ಮಗನ ವಾದ. ಹಿಂದೆ ಮೂರನ್ನೂ ಅಚ್ಚು ಹಾಕಿಸಿ ಎಂದವಳು ನಾನೇ. ಈಗ ಹಾಕಿಸಿದ್ದೇನೆ. ಹಬ್ಬ ಮಾತ್ರ ಅನಿಸುತ್ತಿಲ್ಲ. ನನ್ನ ಹಸಿರು ಬಳೆ ಗಟ್ಟಿ ಎಂದು ಜಗಳವಾಡುವ ಮನಸ್ಸಾಗುತ್ತದೆ.

ಹಂಡೆ ಬೋರಲು ಹಾಕಿದಾಗ ಹಳದಿ ಹೆಚ್ಚಿತ್ತು. ಈ ಬಗ್ಗೆ ಯಾರಿಗೂ ತಕರಾರಿಲ್ಲ. ಸರ್ ಹೊರಗೆ ಓಡಿದರು. ಸಾಬಣ್ಣ ಒಳಗೆ ಬಂದ, ಬಾಗಿಲಲ್ಲಿ ಚಪ್ಪಲಿ ಬಿಟ್ಟು. ಅಲ್ಲಿ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತ.

“ಕುಂದ್ರು ಮಾರಾಯ, ನೆಲ ಎಲ್ಲಾ ಕಡೆ ಒಂದೇ ಅದ” ಎಂದ ಗುಂಡಣ್ಣ.

ಇನ್ನು ಗುಂಡಣ್ಣನ ಮೇಲಿನ ಮತ. ಮತ್ತೆ ಸುತ್ತಿಗೆಗಳು ಬಡಿದವು, ಮತ್ತೆ ಸಾಲು ನಡೆಯಿತು. ಸಾಬಣ್ಣ ಈಗ ಸದಸ್ಯ, ಅವನ ಕೈಗೂ ಎರಡು ಚೂರು ಬಂದವು. ಸಾಲಿನ ಕೊನೆಯಲ್ಲಿ ನಿಂತಿದ್ದ. ಅವನ ಸರದಿ ಬಂದಾಗ ಸುತ್ತಿಗೆಗಳು ನಿಂತವು. ಯಾರೂ ನಿಲ್ಲಿಸಿ ಅನ್ನಲಿಲ್ಲ, ತಾವಾಗಿ ನಿಂತವು. ಎಲ್ಲರಿಗೂ ಕೇಳಬೇಕಾಗಿತ್ತು. ನನಗೂ. ನ್ಯಾಯ ಮಾಡಲು ಬಂದಿದ್ದ ದೇವಿಂದ್ರ ಸರ್ ಕೂಡ ಕತ್ತು ಮುಂದೆ ಮಾಡಿ ಕಿವಿ ಕೊಟ್ಟಿದ್ದನ್ನು ನಾನು ನೋಡಿದೆ. ಈಗ ಕೇಳಿದರೆ ಹಾಗೆ ಮಾಡಲೇ ಇಲ್ಲ ಎನ್ನುತ್ತಾರೆ.

ಪರದೆ ಸರಿಯಾಗಿ ಎಳೆದಿರಲಿಲ್ಲ, ಅಂಚಿನಿಂದ ಅವನ ಬೆನ್ನು ಕಾಣುತ್ತಿತ್ತು. ಸಾಬಣ್ಣ ಬಗ್ಗಿ, ತೋಳನ್ನು ಭುಜದವರೆಗೆ ಹಂಡೆಯೊಳಗೆ ಇಳಿಸಿದ. ಮಲಗಿದ ಕೂಸನ್ನು ನೆಲದ ಮೇಲೆ ಬಿಡುವವನ ಹಾಗೆ ಸ್ವಲ್ಪ ಹೊತ್ತು ಹಾಗೇ ಇದ್ದು, ಬರಿಗೈ ಹೊರಗೆ ತೆಗೆದ. ಸದ್ದೇ ಆಗಲಿಲ್ಲ.

ಗುಂಡಣ್ಣ ಗೆದ್ದ. ಒಂದೇ ಕಲ್ಲಿನಿಂದ ಗೆದ್ದ ಎಂದು ಸರ್ ಹೇಳುತ್ತಾರೆ. ಕಥೆಗೆ ಇಷ್ಟು ಅನುಕೂಲವಾದ ಲೆಕ್ಕವನ್ನು ನಾನು ನಂಬುವುದಿಲ್ಲ. ಸಭೆ ಮುಗಿದ ಮೇಲೆ ಗುಂಡಣ್ಣ, ಸಾಬಣ್ಣ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿದರು.

ಆಮೇಲೆ ಕೆಲವು ವರ್ಷದಲ್ಲಿ ಮಾಸ್ಕೋದ ಆ ದೇಶವೇ ಒಡೆದುಹೋಯಿತು. ವಾಡಿಯ ಪ್ಲಾಟ್‌ಫಾರ್ಮಿನ ಚಹಾದವನು ಕೆಣಕಿದ: “ಸರ್, ನಿಮ್ಮ ದೇಶಾನೇ ಹೋತಲ್ರಿ! ಇನ್ನ ಸೇಡಂ ಗಾಡಿ ಹತ್ತತೀರೋ ಇಲ್ಲೋ?” ಸರ್ ನಕ್ಕರು. ಆ ಇತಿಹಾಸಕಾರ ಮುಂದೆ ಏನಾದ, ಅವನು ಕೇಳಿದ್ದು ಎಷ್ಟು ಸಿಕ್ಕಿತು ಎಂದು ಬಹಳ ದಿನ ಹುಡುಕಿದರು. ಹೊಸದಾಗಿ ಬಂದವರ ಮೇಲೂ ಅವನಿಗೆ ಸಮಾಧಾನವಿಲ್ಲವಂತೆ ಎಂದು ಒಮ್ಮೆ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ.

ಗುಂಡಣ್ಣ ತೀರಿಹೋಗಿ ವರ್ಷಗಳಾದವು. ಹಾಸಿಗೆ ಹಿಡಿದಾಗ ನೋಡಲು ಹೋದ ಸರ್‌ಗೆ ಒಂದೇ ಮಾತು ಕೇಳುತ್ತಿದ್ದನಂತೆ: “ಅಂವ ನನಗ ಹಾಕಿದನೋ ಇಲ್ಲೋ? ನಿನಗ ಹೇಳ್ಯಾನೇನು?” ಸರ್‌ಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಆಗಿರಲಿಲ್ಲ. ಈಗ ಅವರು ಆ ಸಭೆಯ ಬಗ್ಗೆ ಬರೆಯುತ್ತಿದ್ದಾರೆ. ಮೊಣಕಾಲು ಹಿಡಿದುಕೊಂಡಿದೆ, ಹೋಗಿ ಕೇಳಿ ಬನ್ನಿ ಎಂದು ನನ್ನನ್ನು ಕಳಿಸಿದ್ದು ಅವರೇ.

ಟ್ರ್ಯಾಕ್ಟರ್ ಕಡೆಗೂ ಸರಿದು ಬಸ್ಸು ಹೊರಟಿತು. ಕೊಡ್ಲಿಯಲ್ಲಿ ಸಾಬಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೊಸೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮುದುಕ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಕಣ್ಣು ಮಸಕಾಗಿದೆ, ಕಿವಿ ಚುರುಕಾಗಿದೆ. ನನ್ನ ದನಿಯಿಂದಲೇ ಗುರುತು ಹಿಡಿದ. “ಅಕ್ಕೋರೇನು? ಬರ್ರಿ, ಕುಂದ್ರಿ. ಮಾಸ್ತರ ಆರಾಮದಾರಾ?”

ಊರ ಸುದ್ದಿ, ಮೊಣಕಾಲಿನ ಸುದ್ದಿ, ತೊಗರಿಯ ಸುದ್ದಿ ಎಲ್ಲ ಆಯಿತು. ಆ ದಿನ ಗುಂಡಣ್ಣನ ಮತಕ್ಕೆ ಹಂಡೆಯೊಳಗೆ ಇಟ್ಟದ್ದು ಹಳದಿಯೋ ಕರಿಯೋ ಎಂದು ಕೇಳಿದೆ. ಗುಂಡಣ್ಣ ಕಡೆತನಕ ಕೇಳುತ್ತಿದ್ದನಂತೆ ಎಂಬುದನ್ನೂ ಸೇರಿಸಿದೆ. ಈಗ ಯಾರಿಗೂ ನೋವಾಗುವುದಿಲ್ಲ, ಇತಿಹಾಸಕ್ಕೆ ಬೇಕು ಎಂದೂ ಹೇಳಿದೆ. ಕಾಲೇಜಿನಲ್ಲಿ ಹುಡುಗರ ಬಾಯಿ ಬಿಡಿಸುತ್ತಿದ್ದ ದನಿಯಲ್ಲೇ ಹೇಳಿರಬೇಕು.

ಸಾಬಣ್ಣ ನನ್ನ ಕಡೆ ಮುಖ ತಿರುಗಿಸಿದ.

“ಗುಪ್ತ ಅಂದಿದ್ರಲ್ಲ ಅಕ್ಕೋರೆ?”

ಚುಚ್ಚುವ ದನಿಯಲ್ಲ. ತನಗೆ ತಿಳಿಸದೆ ನೇಮವೇನಾದರೂ ಬದಲಾಯಿತೇ ಎಂದು ಕೇಳುವ ಹಾಗೆ.

“ಹೌದು, ಗುಪ್ತನೇ” ಎಂದೆ.

“ಮತ್ತ?” ಎಂದ. ಆಮೇಲೆ ಸೊಸೆಗೆ ಕೂಗಿ ಹೇಳಿದ, ಅಕ್ಕೋರಿಗೆ ಚಹಾ ಇಡು, ನನಗೂ ಅರ್ಧ ಕಪ್ಪು ಇರಲಿ ಎಂದು.

ಚಹಾ ಕುಡಿಯುತ್ತ ಕೂತಿದ್ದಾಗ ಸರ್ ಫೋನು ಬಂತು. ಅವರು ನಮಸ್ಕಾರವನ್ನೂ ಹೇಳದೆ “ಯಾವುದ್ರಿ?” ಎಂದರು. ಉತ್ತರ ಸಿಕ್ಕಿದ್ದರೆ ನನಗೆ ಒಂದು ಒಳ್ಳೆಯ ಪ್ಯಾರಾ ಸಿಗುತ್ತಿತ್ತು, ಅವರಿಗೆ ಒಂದು ಅಧ್ಯಾಯ. “ಕೇಳಬಾರದಿತ್ರಿ ಸರ್, ಕೇಳೀನಿ” ಎಂದೆ. ಗಾಡಿಯೊಳಗೆ ನಮ್ಮಿಬ್ಬರಲ್ಲಿ ಮಾತಾಡುತ್ತಿದ್ದವರು ಯಾರೆಂಬ ಜಗಳ ಏನೇ ಇರಲಿ, ಆ ಹೊತ್ತು ಇಬ್ಬರೂ ಸುಮ್ಮನಿದ್ದೆವು.